ಮೊಣಕಾಲಿಗೆ ಪೆಟ್ಟಾದರೆ ಆಟವೇ ಮುಗಿಯಬೇಕೆ?

ಚೆಂಡು ಕಸಿಯಲು ಓಡುತ್ತಿದ್ದ ಡಿಫೆಂಡರ್ ಸರಕ್ಕನೆ ತಿರುಗುತ್ತಾನೆ. ಪಾದ ನೆಲ ಕಚ್ಚಿಕೊಂಡಿದೆ, ಮೈ ತಿರುಗಿಬಿಟ್ಟಿದೆ. ನಡುವೆ ಸಿಕ್ಕ ಮೊಣಕಾಲಿನಲ್ಲಿ ‘ಟಪ್’ ಎಂಬ ಸದ್ದು. ಯಾರೂ ಮುಟ್ಟಿಲ್ಲ, ಆದರೂ ಆತ ನೆಲಕ್ಕುರುಳಿದ್ದಾನೆ. ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೆಚ್ಚಾಗಿ ಹೀಗೆಯೇ.

ಭಾರತ ಫುಟ್‌ಬಾಲ್ ತಂಡದ ಡಿಫೆಂಡರ್ ಸಂದೇಶ್ ಜಿಂಗನ್ 2019ರ ಅಕ್ಟೋಬರ್‌ನಲ್ಲಿ ಅಭ್ಯಾಸ ಪಂದ್ಯವೊಂದರಲ್ಲಿ ಈ ಪೆಟ್ಟು ತಿಂದರು. ಇಡೀ ಋತು ಕೈತಪ್ಪಿತು. ಮರಳಿ ಬಂದವರು 2020–21ರ ವರ್ಷದ ಆಟಗಾರರಾದರು, 2022ರಲ್ಲಿ ಬೆಂಗಳೂರು ಎಫ್‌ಸಿ ಡ್ಯುರಾಂಡ್ ಕಪ್ ಗೆದ್ದಾಗ ತಂಡದಲ್ಲಿದ್ದರು. 2024ರ ಜನವರಿಯಲ್ಲಿ ಏಷ್ಯಾ ಕಪ್‌ನಲ್ಲಿ ಸಿರಿಯಾ ವಿರುದ್ಧ ಆಡುವಾಗ ಮತ್ತೆ ಮೊಣಕಾಲಿಗೆ ಪೆಟ್ಟು, ಮತ್ತೆ ತಿಂಗಳುಗಟ್ಟಲೆ ಹೊರಗೆ. ಅದರಿಂದಲೂ ಎದ್ದು ಬಂದರು.

ಕಬಡ್ಡಿಯದೂ ಇದೇ ಕಥೆ. ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟ ಪವನ್ ಸೆಹ್ರಾವತ್ ಅವರನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮೊದಲ ಪಂದ್ಯದಲ್ಲೇ ಮೊಣಕಾಲು ಕೈಕೊಟ್ಟಿತು, ಸ್ಟ್ರೆಚರ್ ಮೇಲೆ ಹೊರಹೋದರು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದ ತಂಡದ ನಾಯಕ ಅವರೇ.

ಇವರನ್ನು ಎಬ್ಬಿಸಿ ನಿಲ್ಲಿಸಿದ್ದು ಛಲ ಒಂದೇ ಅಲ್ಲ. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಪಕ್ಕದಲ್ಲಿ ನಿಂತು ಕಾಲು ಮಡಿಸುವುದರಿಂದ ಹಿಡಿದು ಓಡಿಸುವವರೆಗೆ ದುಡಿದ ಫಿಸಿಯೊಗಳ ಪಾಲೂ ದೊಡ್ಡದು. ಆತುರ ಇಲ್ಲಿ ಅಪಾಯಕಾರಿ. ಒಂಬತ್ತು ತಿಂಗಳವರೆಗೆ ಕಾದ ಒಂದೊಂದು ತಿಂಗಳಿಗೂ ಮರುಪೆಟ್ಟಿನ ಸಾಧ್ಯತೆ ಸುಮಾರು ಅರ್ಧದಷ್ಟು ಇಳಿಯುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಈಗ ಬಳ್ಳಾರಿಗೆ ಬನ್ನಿ. ಇಲ್ಲಿನ ಪಾರ್ವತಿನಗರ ಬಡಾವಣೆಯಿಂದ ಸುಮಾರು 30 ಕಿ.ಮೀ. ದೂರದ ತೋರಣಗಲ್ಲಿನ ಬಳಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಅವರಂಥವರು ತರಬೇತಿ ಪಡೆದ ಜಾಗ. ದೇಶದ ಅತ್ಯುತ್ತಮ ಕ್ರೀಡಾ ವಿಜ್ಞಾನ ನಮ್ಮ ಮನೆ ಬಾಗಿಲಲ್ಲೇ ಇದೆ. ಆದರೆ ಪಾರ್ವತಿನಗರದ ಹುಡುಗನಿಗೋ, ಸಿರುಗುಪ್ಪ, ಕುರುಗೋಡಿನ ಕಬಡ್ಡಿ ಆಟಗಾರ್ತಿಗೋ ಮೊಣಕಾಲು ತಿರುಚಿದರೆ ಏನಾಗುತ್ತದೆ? ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕುತ್ತೇವೆ, ನಾಟಿ ಕಟ್ಟು ಹಾಕಿಸುತ್ತೇವೆ. ಊತ ಇಳಿದ ಕೂಡಲೇ ಮತ್ತೆ ಅಂಗಳಕ್ಕಿಳಿಸುತ್ತೇವೆ. ಎರಡನೇ ಸಲ ಬಿದ್ದಾಗ ‘ಇವನ ಹಣೆಬರಹ ಇಷ್ಟೇ’ ಎಂದು ಕೈತೊಳೆದುಕೊಳ್ಳುತ್ತೇವೆ. ಹಣೆಬರಹವಲ್ಲ, ಆರೈಕೆಯ ಕೊರತೆ.

ಸರಿಪಡಿಸುವುದು ಕಷ್ಟವೇನಲ್ಲ. ಒಂದು, ಫಿಫಾ ರೂಪಿಸಿದ ‘11+’ ಎಂಬ ಇಪ್ಪತ್ತು ನಿಮಿಷದ ಅಭ್ಯಾಸಕ್ಕೆ ಚೆಂಡು, ಬಯಲು ಬಿಟ್ಟರೆ ಬೇರೇನೂ ಬೇಡ. ನಿಯಮಿತವಾಗಿ ಮಾಡಿದರೆ ಗಾಯಗಳು ಗಣನೀಯವಾಗಿ ಇಳಿಯುತ್ತವೆ. ಜಿಲ್ಲೆಯ ಪ್ರತಿ ದೈಹಿಕ ಶಿಕ್ಷಕರಿಗೂ ಇದನ್ನು ಕಲಿಸಬೇಕು. ಎರಡು, ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆಯಾದರೂ ಕ್ರೀಡಾ ಗಾಯಗಳಿಗೆ ಮೀಸಲಾದ ಹೊರರೋಗಿ ವಿಭಾಗ ನಡೆಯಲಿ. ಮೂರು, ತಾಲ್ಲೂಕು ಮಟ್ಟದಿಂದ ಮೇಲಿನ ಪ್ರತಿ ಆಟಗಾರನಿಗೂ ಶಸ್ತ್ರಚಿಕಿತ್ಸೆಯ ಜೊತೆಗೆ ಫಿಸಿಯೊಥೆರಪಿಯ ಖರ್ಚನ್ನೂ ಭರಿಸುವ ವಿಮೆ ಸಿಗಲಿ. ಇದಕ್ಕೆ ಜಿಲ್ಲಾ ಖನಿಜ ನಿಧಿಯ ಒಂದು ಪಾಲು ತೆಗೆದಿಡಲಿ. ಗಣಿ ದೂಳು ಕುಡಿದು ಬೆಳೆದ ಮಕ್ಕಳಿಗೆ ಆ ಹಣದ ಮೇಲೆ ಹಕ್ಕಿದೆ.

ಗೆದ್ದು ಬಂದವರಿಗೆ ಹಾರ ಹಾಕಲು ನಾವು ಮುಂದು. ಬಿದ್ದವರನ್ನು ಎತ್ತಿ ಒಂಬತ್ತು ತಿಂಗಳು ಜೊತೆಗೆ ನಿಲ್ಲುವುದನ್ನೂ ಕಲಿಯೋಣ.