ನೀರು ಕೇಳಿದವರು ವೈರಿಗಳೇ?



ಯಮನೂರು ಎಂದರೆ ನಿಮಗೆ ಮೊದಲು ನೆನಪಾಗುವುದು ಚಾಂಗದೇವರ ಜಾತ್ರೆ. ಬೆಣ್ಣಿಹಳ್ಳದ ನೀರಿನಿಂದ ದೀಪ ಉರಿಯುತ್ತದೆಂದು ನಂಬಿದ ಊರು ಇದು. ಹಿಂದೂ ಮುಸಲ್ಮಾನರು ಕೂಡಿಯೇ ನಡೆದುಕೊಳ್ಳುವ ಊರು. ಆದರೆ 2016ರ ಜುಲೈ ಕೊನೆಯಲ್ಲಿ ನಾಡಿನ ಮಂದಿ ಟಿ.ವಿ.ಯಲ್ಲಿ ನೋಡಿದ ಯಮನೂರೇ ಬೇರೆ. ಲಾಠಿ ಹಿಡಿದ ಪೋಲೀಸರು ಓಣಿ ಹೊಕ್ಕರು. ಹೆಣ್ಣುಮಕ್ಕಳು, ಮುದುಕರು ಎನ್ನದೆ ಬಡಿದರು.

ಯಾಕ್ರೀ? ನಾವೇನು ದೇಶದ ಮೇಲೆ ದಂಡೆತ್ತಿ ಹೋಗಿದ್ದೆವೇ?

ಜುಲೈ 27ರಂದು ಮಹದಾಯಿ ನ್ಯಾಯಮಂಡಳಿಯು 7.56 ಟಿ.ಎಂ.ಸಿ. ನೀರು ಬೇಕೆಂಬ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ವರ್ಷದಿಂದ ಧರಣಿ ಕೂತ ರೈತರ ಸಿಟ್ಟು ಕಟ್ಟೆ ಒಡೆಯಿತು. ನವಲಗುಂದದಲ್ಲಿ ಸರಕಾರಿ ಕಚೇರಿಗಳಿಗೆ ಕಲ್ಲು ಬಿದ್ದವು, ಬೆಂಕಿ ಬಿತ್ತು. ಅದು ತಪ್ಪು. ನಾನು ಮುಚ್ಚಿಡುವುದಿಲ್ಲ. ಬೆಂಕಿ ಹಚ್ಚಿದವನನ್ನು ಹುಡುಕಿರಿ, ಕೋರ್ಟಿನ ಮುಂದೆ ನಿಲ್ಲಿಸಿರಿ. ಆದರೆ ಪೇಟೆಯಲ್ಲಿ ಯಾರೋ ಎಸೆದ ಕಲ್ಲಿಗೆ ಹಳ್ಳಿಯ ಮನೆಯೊಳಗೆ ಕೂತ ಮುದುಕಿ ಹೇಗೆ ಹೊಣೆ? ಆಮೇಲೆ ಕೆಲವು ಪೋಲೀಸರನ್ನು ಅಮಾನತು ಮಾಡಿದರು. ಅಮಾನತಾದವನು ನಾಳೆ ನೌಕರಿಗೆ ಮರಳಿಯಾನು. ಆದರೆ ಹೊಡಿ ಎಂದು ಕಳಿಸಿದ ನೀತಿಯನ್ನು ಅಮಾನತು ಮಾಡಿದವರು ಯಾರು?

ಈ ಪೆಟ್ಟಿನ ಲೆಕ್ಕವನ್ನು ಸಾಲದ ಪುಸ್ತಕದಲ್ಲೂ ನೋಡಿರಿ. ಹಿಡಿದವರನ್ನು ಬಳ್ಳಾರಿ, ಚಿತ್ರದುರ್ಗದ ಜೈಲುಗಳಿಗೆ ಒಯ್ದರು. ಅದು ಯಾವ ಕಾಲ? ಹೆಸರು ಕಾಯಿ ಕಟ್ಟುವ ಕಾಲ. ಆಗಸ್ಟಿನಲ್ಲಿ ಬಿಡಿಸದಿದ್ದರೆ ಒಂದು ಮಳೆಗೆ ಕಾಳು ಕಪ್ಪಾಗಿ ಹೋಗುತ್ತದೆ. ಮನೆಯ ಗಂಡಾಳು ಜೈಲಿನಲ್ಲಿ, ಹೆಂಗಸು ವಕೀಲರ ಬಾಗಿಲಲ್ಲಿ. ಜಾಮೀನಿಗೆ ಉತಾರ ಬೇಕು, ತಾರೀಖಿಗೊಮ್ಮೆ ಬಸ್ಸಿನ ಖರ್ಚು ಬೇಕು, ವಕೀಲರಿಗೆ ಫೀ ಬೇಕು. ಈ ರೊಕ್ಕ ಎಲ್ಲಿಂದ ಬರಬೇಕು? ದಲಾಲರ ಅಂಗಡಿಯಿಂದ, ಬಡ್ಡಿಗೆ. ಲಾಠಿಯ ಗಾಯ ತಿಂಗಳಲ್ಲಿ ಮಾಯುತ್ತದೆ, ಕೇಸಿನ ಸಾಲ ಮಗನ ಕಾಲಕ್ಕೂ ಮಾಯುವುದಿಲ್ಲ!

ಇದನ್ನು ನಮ್ಮೂರಿನ ದುರ್ದೈವ ಎಂದು ತಿಳಿಯಬೇಡಿರಿ. ಒಬ್ಬನ ಹೆಸರಿನಲ್ಲಿ ಊರಿಗೇ ದಂಡ ಹಾಕುವುದು ಸರಕಾರದ ಹಳೆಯ ಚಾಳಿ. ಮಲೆ ಮಹದೇಶ್ವರ ಬೆಟ್ಟದ ಕಡೆಗೆ ನೋಡಿರಿ. ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ, ತಮಿಳುನಾಡು ಎರಡೂ ಸರಕಾರಗಳು ವಿಶೇಷ ಕಾರ್ಯಪಡೆ ಕಟ್ಟಿದವು. ಅವನು ಸಿಗಲಿಲ್ಲ, ಕಾಡಂಚಿನ ಬಡವರು ಸಿಕ್ಕರು. 1993ರಿಂದ ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನರನ್ನು ಜೈಲಿಗೆ ಹಾಕಿದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯವು ಅವರಲ್ಲಿ ಬಹುತೇಕರನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು! ಎಂಟು ವರ್ಷ ಬಿತ್ತದ ಹೊಲ ಯಾರ ಪಾಲಾಗಿರಬೇಕು, ನೀವೇ ಹೇಳಿರಿ. ಮಾನವ ಹಕ್ಕು ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯಿಂದ ವಿಚಾರಣೆ ಮಾಡಿಸಿ, 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ದೌರ್ಜನ್ಯ ನಡೆದಿರದಿದ್ದರೆ ಪರಿಹಾರ ಯಾತಕ್ಕೆ?

ಮಲೆನಾಡಿನಲ್ಲೂ ಇದೇ ಆಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನವನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಮೊದಲು ಬಂತು, ಬಂದೂಕು ಆಮೇಲೆ. ಸರಕಾರ ಭಯಕ್ಕೆ ಮದ್ದು ಹುಡುಕಲಿಲ್ಲ, ನಕ್ಸಲ್ ನಿಗ್ರಹ ದಳ ಕಳಿಸಿತು. ಗಿರಿಜನರು ಎರಡು ಬಂದೂಕಿನ ನಡುವೆ ಸಿಕ್ಕಿಬಿದ್ದರು. ಅನ್ನ ಹಾಕಿದರೆ ಪೋಲೀಸರು ಕೇಳುತ್ತಾರೆ, ಹಾಕದಿದ್ದರೆ ಅವರು ಕೇಳುತ್ತಾರೆ. ನಕ್ಸಲರೂ ಮಾಹಿತಿದಾರರೆಂದು ಬಡವರನ್ನು ಕೊಂದರು, ಅದನ್ನೂ ನಾವು ಖಂಡಿಸಬೇಕು. ಕೊನೆಗೆ ಏನಾಯಿತು? 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಬಂದು ಶರಣಾದರು. ಅವರನ್ನು ತಂದದ್ದು ಗುಂಡಲ್ಲ, ನಾಗರಿಕರು ನಡುವೆ ನಿಂತು ಆಡಿದ ಮಾತು. ಆ ಮಾತನ್ನು ಇಪ್ಪತ್ತು ವರ್ಷ ಮೊದಲೇ ಆಡಿದ್ದರೆ?

ನಮ್ಮ ಸೀಮೆಗೆ ಬಂಡಾಯ ಎಂಬ ಶಬ್ದ ಹೊಸದಲ್ಲ. 1858ರಲ್ಲಿ ನರಗುಂದದ ಬಂಡಾಯವನ್ನು ಹತ್ತಿಕ್ಕಿದ್ದು ಪರಕೀಯರು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರ ಕೊಡುವುದಿಲ್ಲ ಎಂದ ರೈತರ ಮೇಲೆ ಗುಂಡು ಹಾರಿಸಿದ್ದು ನಾವೇ ಓಟು ಹಾಕಿದ ಸರಕಾರ. ಬಸಪ್ಪ ಲಕ್ಕುಂಡಿ, ಈರಪ್ಪ ಕಡ್ಲಿಕೊಪ್ಪ ಬಲಿಯಾದರು. ಅಂದು ಪೋಲೀಸರ ಜೀವವೂ ಹೋಯಿತು. ಅವರೂ ಯಾರದೋ ಮನೆಯ ಮಕ್ಕಳೇ. ಹೊಡೆಯುವವನೂ ಬಡವನ ಮಗ, ಹೊಡೆಸಿಕೊಳ್ಳುವವನೂ ಬಡವನ ಮಗ. ಹೊಡೆಸುವವನು ಮಾತ್ರ ವಿಧಾನಸೌಧದಲ್ಲಿ ತಣ್ಣಗಿರುತ್ತಾನೆ.

2018ರ ಆಗಸ್ಟ್ 14ರಂದು ಅದೇ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು. ಅಂದರೆ ನಮ್ಮ ಬೇಡಿಕೆ ಸುಳ್ಳಾಗಿರಲಿಲ್ಲ. ನ್ಯಾಯದ ಮಾತಿಗೇ ನಾವು ಪೆಟ್ಟು ತಿಂದೆವು!

ಆದ್ದರಿಂದ ರೈತ ಬಂಧುಗಳೇ, ಪೆಟ್ಟು ಬಿದ್ದಾಗ ಅತ್ತು ಸುಮ್ಮನಾಗಬೇಡಿರಿ. ಊರೂರಿಗೆ ಒಂದು ವಹಿ ಇಡಿರಿ. ಯಾರ ಮೇಲೆ ಯಾವ ಕೇಸು, ಎಷ್ಟು ತಾರೀಖು, ಎಷ್ಟು ಖರ್ಚು, ಎಷ್ಟು ಬೆಳೆ ಹೋಯಿತು, ಎಲ್ಲ ಬರೆದಿಡಿರಿ. ಓಟು ಕೇಳಲು ಬಂದವರ ಮುಂದೆ ಆ ವಹಿ ಬಿಚ್ಚಿ ಕೇಳಿರಿ: ಈ ಸಾಲ ಯಾರು ತೀರಿಸಬೇಕು? ಮನೆ ಹೊಕ್ಕು ಹೊಡೆಯುವ ನೀತಿ ಬಿಡುತ್ತೀರೋ ಇಲ್ಲವೋ? ಕಲ್ಲು ಬೇಡ, ಬೆಂಕಿ ಬೇಡ. ಕಲ್ಲು ಎತ್ತಿದರೆ ಅವರಿಗೆ ನೆಪ ಸಿಗುತ್ತದೆ. ಲೆಕ್ಕ ಕೇಳಿದರೆ ಅವರಿಗೆ ಬಾಯಿ ಕಟ್ಟುತ್ತದೆ.

ಊರಿಗೆ ದಂಡ ಹಾಕುವ ಸರಕಾರಕ್ಕೆ ಊರೇ ಲೆಕ್ಕ ಕೇಳಬೇಕು. ಕೇಳುತ್ತೀರಲ್ಲ?