ಹವಾಮಾನ ಮಾದರಿ: ಎಲ್ಲಿ ನಂಬಬೇಕು, ಎಲ್ಲಿ ಎಚ್ಚರ ಬೇಕು?

ನಾಳೆ ಮಳೆ ಬರುವುದೇ ಎಂದು ಖಚಿತವಾಗಿ ಹೇಳಲಾರದ ವಿಜ್ಞಾನಿಗಳು 2100ರ ಭೂತಾಪವನ್ನು ಹೇಗೆ ಹೇಳಬಲ್ಲರು? ಹವಾಮಾನ ಬದಲಾವಣೆಯ ಚರ್ಚೆ ಎದ್ದಾಗಲೆಲ್ಲ ಕೇಳಿಬರುವ ಪ್ರಶ್ನೆಯಿದು. ಪ್ರಶ್ನೆ ಸಹಜವೇ; ಆದರೆ ಇವೆರಡೂ ಒಂದೇ ಬಗೆಯ ಲೆಕ್ಕವಲ್ಲ. ಮುಂದಿನ ಮೇ 10ರಂದು ಕಲಬುರಗಿಯ ಉಷ್ಣಾಂಶ ಎಷ್ಟಿರುತ್ತದೆ ಎಂಬುದನ್ನು ಇಂದೇ ಹೇಳಲಾಗದು. ಮೇ ತಿಂಗಳು ಡಿಸೆಂಬರ್‌ಗಿಂತ ಬಿಸಿಯಾಗಿರುತ್ತದೆ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಹವಾಮಾನ ಮಾದರಿಯು ವಾತಾವರಣ ಮತ್ತು ಸಾಗರಗಳನ್ನು ಅಸಂಖ್ಯ ಚೌಕಗಳಾಗಿ ವಿಂಗಡಿಸಿ, ಅವುಗಳ ನಡುವೆ ಶಾಖ, ಗಾಳಿ, ತೇವಾಂಶ ಹರಿಯುವ ಬಗೆಯನ್ನು ಭೌತಶಾಸ್ತ್ರದ ನಿಯಮಗಳಂತೆ ಲೆಕ್ಕ ಹಾಕುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಏನಾದೀತು ಎಂಬುದಕ್ಕೆ ಅದು ಉತ್ತರಿಸುತ್ತದೆ. ಮನುಷ್ಯ ಎಷ್ಟು ಇಂಧನ ಸುಡುತ್ತಾನೆ ಎಂಬುದಕ್ಕಲ್ಲ.

ಈ ಲೆಕ್ಕ ಪರೀಕ್ಷೆಗೂ ಒಳಗಾಗಿದೆ. ನೆಲದ ಬಳಿ ತಾಪ ಏರಿದರೂ ಮೇಲಿನ ಸ್ತರಗೋಳ ತಣ್ಣಗಾಗುತ್ತದೆ ಎಂದು ಸ್ಯುಕುರೊ ಮನಾಬೆ ಹಾಗೂ ರಿಚರ್ಡ್ ವೆದರಾಲ್ಡ್ 1967ರಲ್ಲೇ ತೋರಿಸಿದ್ದರು. ಮುಂದೆ ಉಪಗ್ರಹಗಳು ಅದನ್ನು ದೃಢಪಡಿಸಿದವು. ಮನಾಬೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. 1970ರಿಂದ 2007ರವರೆಗಿನ 17 ಮುನ್ಸೂಚನೆಗಳನ್ನು 2019ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಒರೆಗೆ ಹಚ್ಚಿತು. 10 ಮುನ್ಸೂಚನೆಗಳು ವಾಸ್ತವಕ್ಕೆ ಹೊಂದಿಕೊಂಡವು; ಅನಿಲಗಳು ನಿಜಕ್ಕೂ ಏರಿದ ಪ್ರಮಾಣವನ್ನು ಗಣನೆಗೆ ತೆಗೆದುಕೊಂಡಾಗ ಅವುಗಳ ಸಂಖ್ಯೆ 14ಕ್ಕೇರಿತು.

ಹಾಗೆಂದು ದೋಷಗಳಿಲ್ಲವೆಂದಲ್ಲ. ಮೋಡಗಳು ಲೆಕ್ಕದ ಚೌಕಕ್ಕಿಂತ ಬಹಳ ಚಿಕ್ಕವು. ಅವುಗಳ ಪರಿಣಾಮವನ್ನು ಅಂದಾಜಿನಲ್ಲೇ ಸೇರಿಸಬೇಕು. ಇತ್ತೀಚಿನ ಕೆಲವು ಮಾದರಿಗಳು ತಾಪವನ್ನು ಅತಿಯಾಗಿ ತೋರಿಸಿದ್ದರಿಂದ, ಐಪಿಸಿಸಿ ತನ್ನ 2021ರ ವರದಿಯಲ್ಲಿ ಅವುಗಳ ಸರಾಸರಿಯನ್ನಷ್ಟೇ ನೆಚ್ಚಲಿಲ್ಲ. ವೀಕ್ಷಣೆಗಳನ್ನೂ ತೂಗಿ ನೋಡಿತು. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಕಾಲಾಂತರದಲ್ಲಿ ತಾಪ 2.5ರಿಂದ 4 ಡಿಗ್ರಿ ಸೆಲ್ಸಿಯಸ್ ಏರುವ ಸಂಭವವಿದೆ ಎಂದು ಅದು ಹೇಳಿತು.

ಸ್ಥಳೀಯ ಮಳೆಯ ವಿಷಯದಲ್ಲಿ ಅನಿಶ್ಚಿತತೆ ಇನ್ನೂ ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಅಧಿಕ ಮಳೆ. ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಇಲ್ಲ. ಸುಮಾರು 100 ಕಿಲೋಮೀಟರ್ ಅಗಲದ ಚೌಕದಲ್ಲಿ ಈ ಎರಡೂ ಊರುಗಳು ಒಂದಾಗಿಬಿಡುತ್ತವೆ.

ಆದ್ದರಿಂದ ಜಾಗತಿಕ ತಾಪದ ಬಗ್ಗೆ ಮಾದರಿಗಳ ಮಾತನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಒಂದು ತಾಲ್ಲೂಕಿನ ಮಳೆಯ ಬಗ್ಗೆ ಒಂದೇ ಅಂಕಿ ಹಿಡಿದು ಕೆರೆ, ಚರಂಡಿ, ಜಲಾಶಯಗಳ ಯೋಜನೆ ರೂಪಿಸುವುದು ವಿವೇಕವಲ್ಲ. ಅತಿವೃಷ್ಟಿ, ಅನಾವೃಷ್ಟಿ ಎರಡನ್ನೂ ತಾಳಿಕೊಳ್ಳುವ ಸಿದ್ಧತೆ ಬೇಕು. ಅನಿಶ್ಚಿತತೆ ಕೈಕಟ್ಟಿ ಕೂರಲು ನೆಪವಾಗಬಾರದು.