ಅಟ್ಟದಿಂದ ಇಳಿದ ಶರತ್ಕಾಲ

ಶರದೃತುವಿನ ಆಗಮನವನ್ನು ಕಾವ್ಯಗಳು ಆಕಾಶದಲ್ಲಿ ಗುರುತಿಸುತ್ತವೆ. ಗೃಹಿಣಿಯರು ಅಟ್ಟದ ಮೇಲೆ ಗುರುತಿಸುತ್ತಾರೆ. ಬೆಳ್ಮುಗಿಲು, ತಿಳಿಗೊಳ, ಹಂಸಗಳ ಸಾಲು ಇವೆಲ್ಲ ಸಂಸ್ಕೃತ ಕವಿಗೆ ಒದಗಿದ ಸಾಮಗ್ರಿ. ಮೈಸೂರು, ಬೆಂಗಳೂರುಗಳ ಕಡೆ ಆಶ್ವಯುಜ ಮಾಸದ ಆಕಾಶ ಅಷ್ಟು ವಿಧೇಯವಾದುದಲ್ಲ. ಹಸ್ತೆಯ ಮಳೆ ಹೋಯಿತೆನ್ನುವಷ್ಟರಲ್ಲಿ ಚಿತ್ತೆ, ಚಿತ್ತೆಯ ಬೆನ್ನಿಗೆ ಸ್ವಾತಿ. ನೆರಳಿನಲ್ಲಿ ಗಾಳಿಗೆ ಹರಡಿದ ರೇಷ್ಮೆ ಸೀರೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಓಡಿಹೋಗಿ ಒಳಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಆದುದರಿಂದ ಈ ಸೀಮೆಯಲ್ಲಿ ಶರತ್ಕಾಲ ಬಂದುದಕ್ಕೆ ನಂಬತಕ್ಕ ಗುರುತು ಒಂದೇ: ಮಹಾಲಯ ಅಮಾವಾಸ್ಯೆ ಕಳೆಯುತ್ತಲೆ ಏಣಿ ಗೋಡೆಗೆ ಒರಗುವುದು, ಗೊಂಬೆಗಳ ಟ್ರಂಕು ಕೆಳಕ್ಕೆ ಇಳಿಯುವುದು.

ಟ್ರಂಕಿನ ಮುಚ್ಚಳ ತೆರೆದಾಗ ಬರುವ ಮೊದಲ ವಾಸನೆ ಬಜೆಬೇರಿನದು, ಎರಡನೆಯದು ಒಣಗಿದ ಬೇವಿನೆಲೆಯದು, ಮೂರನೆಯದು ಹಳೆಯ ಕಾಗದದ್ದು. ಈ ಮೂರನೆಯದರಿಂದಲೇ ಕೆಲಸ ಕೆಡುವುದು. ಪ್ರತಿ ಗೊಂಬೆಗೂ ಒಂದು ವೃತ್ತಪತ್ರಿಕೆಯ ಹಾಳೆ ಸುತ್ತಿರುತ್ತದಷ್ಟೆ. ಬಿಚ್ಚಿದ ಹಾಳೆಯನ್ನು ಮಡಿಸಿಟ್ಟು ಮುಂದಿನ ಗೊಂಬೆಗೆ ಕೈ ಹಾಕುವ ಸಂಯಮ ಯಾರಿಗುಂಟು? ಅಕ್ಕಿಯ ಧಾರಣೆ, ಎಂದೋ ಬಂದುಹೋದ ಚಲನಚಿತ್ರದ ಜಾಹೀರಾತು, ಮದುವೆಗೆ ವಧು ಬೇಕಾಗಿದ್ದ ಗುಮಾಸ್ತ, ಎಲ್ಲವನ್ನೂ ಓದಿಯೇ ತೀರಬೇಕು. 'ಮೈಸೂರು ರಾಜ್ಯ' ಎಂಬ ಮಾತು ಕಂಡರೆ ಆ ಹಾಳೆ 1973ರ ನವೆಂಬರ್ 1ಕ್ಕೆ ಹಿಂದಿನದೆಂದು ಶಾಲೆಯ ಮಗುವೂ ಹೇಳಬಲ್ಲದು. ಕರ್ನಾಟಕವೆಂಬ ಹೆಸರು ಬಂದುದು ಆ ದಿನ. ಹಾಳೆಯ ಅಂಚು ಕಂದಿ, ನಡುಭಾಗ ಮಾತ್ರ ಬೆಳ್ಳಗೆ ಉಳಿದಿರುವುದೇಕೆಂದು ಮಗು ಕೇಳಿದರೆ ಉತ್ತರ ಮರದಲ್ಲಿದೆ. ಪತ್ರಿಕೆಯ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುತ್ತಾರೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಅದರಲ್ಲಿ ಉಳಿದುಬಿಡುತ್ತದೆ. ಗಾಳಿ ಬೆಳಕುಗಳು ತಗುಲಿದಲ್ಲೆಲ್ಲ ಅದು ಕಂದಾಗುತ್ತದೆ, ಮಡಿಕೆಯ ಒಳಗೆ ಸಿಕ್ಕಿದ ಭಾಗ ಪಾರಾಗುತ್ತದೆ.

ಪಾಡ್ಯದ ದಿನ ಮೊದಲು ಸಿಂಹಾಸನವೇರತಕ್ಕವರು ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅರಮನೆಯ ದರ್ಬಾರಿಗೆ ಸರಿಸಾಟಿಯಾಗಿ ಮನೆಮನೆಯಲ್ಲಿಯೂ ಒಂದು ಮರದ ದರ್ಬಾರು ನಡೆಯುತ್ತ ಬಂದಿದೆ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಒಂದು ಜೊತೆ ಪಟ್ಟದ ಗೊಂಬೆ ಕೊಡುವುದು ಹಳೆಯ ಮೈಸೂರಿನ ವಾಡಿಕೆ. ಹೀಗಾಗಿ ಒಂದು ಮನೆಯಲ್ಲಿ ಎಷ್ಟು ಜೊತೆ ರಾಜರಾಣಿಯರಿದ್ದಾರೆಂದು ಎಣಿಸಿದರೆ ಎಷ್ಟು ಮಂದಿ ಸೊಸೆಯರು ಆ ಹೊಸಿಲು ದಾಟಿ ಬಂದರೆಂಬುದು ತಿಳಿಯುತ್ತದೆ. ರಾಣಿಯ ಉಡುಗೆಯನ್ನು ಅಂಗಡಿಯಲ್ಲಿ ಕೊಳ್ಳುವವರು ಈಗ ಹೆಚ್ಚು. ಹಿಂದೆ ಅದು ಯಾರದೋ ಧಾರೆ ಸೀರೆ ಹರಿದಾಗ ಉಳಿಸಿಕೊಂಡ ಅಂಚಿನ ತುಂಡಿನಿಂದ ಆಗುತ್ತಿತ್ತು. ಅಂಗಡಿಯ ಉಡುಗೆ ಹೆಚ್ಚು ಹೊಳೆಯುತ್ತದೆ, ನಿಜ. ಆದರೆ ಅದನ್ನು ತೋರಿಸಿ "ಇದು ನಿಮ್ಮ ಮುತ್ತಜ್ಜಿಯದು" ಎನ್ನುವಂತಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರ ಒಂದು ಮನೆಯಲ್ಲಿ ಇಂತಹ ಜೊತೆಯೊಂದು ಕೆಲವು ವರ್ಷಗಳಿಂದ ತೊಂದರೆ ಕೊಡುತ್ತಿತ್ತು. ರಕ್ತಚಂದನದ ಗೊಂಬೆಗಳು, ಎಂಬತ್ತು ದಾಟಿದ ಅತ್ತೆಯವರಿಗೆ ತವರಿನಿಂದ ಬಂದವು. ರಾಜನೇನೋ ನೆಟ್ಟಗೆ ನಿಲ್ಲುವನು. ರಾಣಿ ಮಾತ್ರ ಎಡಕ್ಕೆ ವಾಲಿ ಬೀಳುವಳು. ಸೊಸೆ ಪ್ರತಿ ವರ್ಷವೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ರಾಣಿಯ ಕಾಲಡಿಗೆ ಒತ್ತು ಕೊಟ್ಟು, ಸೀರೆಯ ನೆರಿಗೆಯಿಂದ ಅದನ್ನು ಮರೆಮಾಡಿ ಸಾಕಾಗಿದ್ದಳು. ಬಂದವರು ನೋಡಿದರೆ ಏನೆಂದಾರು ಎಂಬ ಸಂಕೋಚ ಬೇರೆ. ಒಂದು ಸಲ ಧೈರ್ಯಮಾಡಿ, "ಅತ್ತೆ, ಈ ಸಲ ಹೊಸ ಜೊತೆ ತಂದುಬಿಡೋಣವೆ? ಇವಳು ನಿಲ್ಲುವುದೇ ಇಲ್ಲ" ಎಂದಳು.

ಅತ್ತೆ ಗೊಂಬೆಯನ್ನು ಕೈಗೆ ತೆಗೆದುಕೊಂಡರು. ಕಣ್ಣು ಮಂಜಾಗಿದ್ದುದರಿಂದ ಹೆಬ್ಬೆರಳಿನಿಂದ ಪಾದವನ್ನು ಸವರಿ ನೋಡಿದರು. "ಈ ಸವೆತ ನಿನ್ನ ಗಂಡನದು ಕಣಮ್ಮ" ಎಂದರು.

ಸಂಗತಿ ಇಷ್ಟೆ. ಮಗ ಒಂದು ವರ್ಷದ ಕೂಸಾಗಿದ್ದಾಗ ಬೇಸಿಗೆಯಲ್ಲಿ ಮೈಯೆಲ್ಲ ಗುಳ್ಳೆಯೆದ್ದಿತ್ತು. ರಕ್ತಚಂದನವನ್ನು ತೇದು ಹಚ್ಚಿದರೆ ತಂಪೆಂದು ಹಿರಿಯರು ಹೇಳಿದರು. ಚಂದನದ ಕೊರಡು ಮನೆಯಲ್ಲಿರಲಿಲ್ಲ, ಕೊಳ್ಳುವುದಕ್ಕೆ ಕೈಯಲ್ಲಿ ಕಾಸೂ ಇರಲಿಲ್ಲ. ಅತ್ತೆಯವರು ಯಾರಿಗೂ ಹೇಳದೆ ರಾಣಿಯನ್ನು ಟ್ರಂಕಿನಿಂದ ತೆಗೆದು, ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ, ಅವಳ ಎಡಗಾಲನ್ನು ಹತ್ತು ದಿನ ತೇದಿದ್ದರು. ಔಷಧದ ಗುಣವನ್ನು ವೈದ್ಯರು ಒಪ್ಪಲಿ, ಬಿಡಲಿ. ಕೂಸಿಗೆ ಗುಳ್ಳೆ ಇಳಿಯಿತು, ರಾಣಿಗೆ ಕುಂಟು ಉಳಿಯಿತು. ಐವತ್ತು ವರ್ಷ ಆ ಮಾತು ಅವರ ಬಾಯಿಂದ ಹೊರಬಿದ್ದಿರಲಿಲ್ಲ. ಪಟ್ಟದ ಗೊಂಬೆಯನ್ನು ತೇಯುವುದು ಶುಭವೋ ಅಶುಭವೋ ಎಂಬ ಅಳುಕು ಅವರನ್ನು ಅಷ್ಟು ಕಾಲವೂ ಬಿಟ್ಟಿರಲಿಲ್ಲವೆಂದು ತೋರುತ್ತದೆ. ಹೊಸ ಜೊತೆಯ ಮಾತು ಮತ್ತೆ ಏಳಲಿಲ್ಲ. ಸೊಸೆ ಕಾಗದದ ಒತ್ತನ್ನು ತೆಗೆದು, ಬಡಗಿಯ ಕೈಯಲ್ಲಿ ಓರೆಗೆ ತಕ್ಕ ಸಣ್ಣದೊಂದು ಪೀಠ ಮಾಡಿಸಿದಳು.

ತೊಡಕು ಬಂದದ್ದು ಅದರ ಮರುವರ್ಷ. ಅಮೆರಿಕದಲ್ಲಿ ನೆಲೆಸಿದ ಮೊಮ್ಮಗಳು ಊರಿಗೆ ಬಂದವಳು ಆ ಜೊತೆ ತನಗೇ ಬೇಕೆಂದು ಹಟ ಹಿಡಿದಳು. ಅಜ್ಜಿಗೆ ಕೊಡುವ ಮನಸ್ಸೇ ಇತ್ತು. ಅಡ್ಡ ಬಂದುದು ಕಾನೂನು. ರಕ್ತಚಂದನ ಮುಖ್ಯವಾಗಿ ಆಂಧ್ರದ ಶೇಷಾಚಲದ ಸುತ್ತಣ ಬೆಟ್ಟಗಳಲ್ಲಿ ಬೆಳೆಯುವ ಮರ. ಕಳ್ಳಸಾಗಣೆಗೆ ಸಿಕ್ಕಿ ನಲುಗಿದ ಮರ. ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಹೆಸರಿದೆ. ಅಪ್ಪಣೆಪತ್ರಗಳಿಲ್ಲದೆ ಆ ಮರವನ್ನು ದೇಶದ ಹೊರಕ್ಕೆ ಒಯ್ಯಹೊರಟವರು ವಿಮಾನ ನಿಲ್ದಾಣದಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳಬಹುದು. ಕಾಡನ್ನು ಉಳಿಸಲು ಮಾಡಿದ ನಿಯಮಕ್ಕೆ ಅಜ್ಜಿಯ ಪೆಟ್ಟಿಗೆಯ ಗುರುತು ಎಲ್ಲಿಂದ ಸಿಗಬೇಕು? ಮೊಮ್ಮಗಳು ಅತ್ತಳು, ಆಮೇಲೆ ರಾಣಿಯ ಹಳೆಯ ಸೀರೆಯ ತುಂಡನ್ನು ಕೇಳಿ ಪಡೆದು, ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದು ಬೇರೊಂದು ಜೊತೆ ಕೊಂಡಳು.

ಚನ್ನಪಟ್ಟಣದ ಗೊಂಬೆ ಕಡಿಮೆಯದೆಂದು ಯಾರೂ ಭಾವಿಸಬೇಕಾಗಿಲ್ಲ. ಹಾಲೆಮರದ ತುಂಡನ್ನು ತಿರುಗಣೆಗೆ ಸಿಕ್ಕಿಸಿ ಉಳಿಯಿಂದ ರೂಪಿಸುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ; ಬೆಂಕಿಯೂ ಬೇಡ, ಕುಂಚವೂ ಬೇಡ. ಹೊಳಪಿಗೆ ಕೊನೆಯಲ್ಲಿ ತಾಳೆಯ ಗರಿಯೊಂದನ್ನು ಒತ್ತಿ ಹಿಡಿಯುವುದುಂಟು.

ಮೊಮ್ಮಗಳು ಅಲ್ಲಿಂದ ಕಳುಹಿಸಿದ ಚಿತ್ರದಲ್ಲಿ ಗೊಂಬೆಗಳ ಮುಂದೆ ಚೆಂಡುಹೂವಿಗೆ ಬದಲಾಗಿ ಮೇಪಲ್ ಮರದ ಎಲೆಗಳಿದ್ದವು, ಹಳದಿ, ಕಿತ್ತಳೆ, ಕೆಂಪು. ಆ ದೇಶಗಳಲ್ಲಿ ಶರತ್ಕಾಲದ ಬಣ್ಣವೆಲ್ಲ ಎಲೆಯದು, ನಮ್ಮಲ್ಲಿ ಹೂವಿನದು. ಆದರೆ ಬಣ್ಣ ಒಂದೇ ಮನೆತನದ್ದೆಂಬುದು ಸ್ವಾರಸ್ಯ. ಚಳಿ ಸಮೀಪಿಸಿದಾಗ ಆ ಮರಗಳು ಎಲೆಯ ಹಸಿರು ದ್ರವ್ಯವನ್ನು ಒಡೆದು ಅದರ ಸಾರವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಹಸಿರು ಹೋದಮೇಲೆ, ಎಲೆಯಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಆ ಹಳದಿಯಲ್ಲಿ ಲೂಟೀನ್ ಎಂಬುದೊಂದು ಪಾಲು, ನಮ್ಮ ಚೆಂಡುಹೂವಿನ ಎಸಳಿನಲ್ಲಿ ತುಂಬಿರುವುದೂ ಅದೇ. ಕೆಂಪಿನ ಕಥೆ ಬೇರೆ. ಎಲೆ ಉದುರುವ ಮುನ್ನ ಅದನ್ನು ಹೊಸದಾಗಿ ತಯಾರಿಸುತ್ತದೆ. ನಮ್ಮ ಬೀದಿಗಳಲ್ಲಿ ಈ ಕೆಂಪು ನೋಡಬೇಕೆಂದರೆ ಕಾಡುಬಾದಾಮಿಯ ಮರದಡಿ ನಿಲ್ಲಬೇಕು.

ಹೂವಿನ ಮಾತು ಬಂದಮೇಲೆ ಸೇವಂತಿಗೆಯನ್ನು ಬಿಡುವಂತಿಲ್ಲ. ಮೇಲೆ ಹೇಳಿದ ಮನೆಯಲ್ಲಿಯೇ ಎರಡು ಕುಂಡಗಳಿದ್ದವು: ಒಂದೇ ಬುಡದಿಂದ ಕಿತ್ತು ನೆಟ್ಟ ಸಸಿಗಳು, ಒಂದೇ ಗೊಬ್ಬರ, ಒಂದೇ ಕೈಯ ನೀರು. ಹಿತ್ತಿಲಿನ ಕುಂಡ ನವರಾತ್ರಿಗೆ ಮೊಗ್ಗು ತಳೆದು ದೀಪಾವಳಿಗೆ ಅರಳಿತು. ಬೀದಿಯ ಕಡೆಯ ಜಗಲಿಯ ಮೇಲಿದ್ದದ್ದು ಮೊಣಕಾಲೆತ್ತರ ಬೆಳೆದು ಹಸಿರಾಗಿಯೇ ನಿಂತಿತು. ದೃಷ್ಟಿ ತಾಗಿತೆಂದರು ಕೆಲವರು. ಮಣ್ಣಿನ ದೋಷವೆಂದರು ಕೆಲವರು. ದೋಷವಿದ್ದುದು ಬೀದಿಯ ದೀಪದಲ್ಲಿ. ಸೇವಂತಿಗೆ ಹೂಬಿಡುವುದು ಇರುಳು ದೀರ್ಘವಾದಾಗ. ಗಾರ್ನರ್, ಅಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಹಗಲಿರುಳುಗಳ ಅಳತೆಗೂ ಹೂವಿಗೂ ಇರುವ ಈ ನಂಟನ್ನು ಹೊಗೆಸೊಪ್ಪು, ಸೋಯಾ ಗಿಡಗಳಲ್ಲಿ ಕಂಡು 1920ರಲ್ಲಿ ಪ್ರಕಟಿಸಿದರು. ರಾತ್ರಿಯಿಡೀ ಮೈಮೇಲೆ ದೀಪ ಬೀಳುತ್ತಿದ್ದರೆ ಗಿಡಕ್ಕೆ ಶರತ್ಕಾಲ ಬಂದದ್ದು ತಿಳಿಯುವುದಾದರೂ ಹೇಗೆ? ಕುಂಡವನ್ನು ಹಿತ್ತಿಲಿಗೆ ಸರಿಸಿದರು; ಕಾರ್ತೀಕದ ಕೊನೆಗೆ ಅದೂ ಅರಳಿತು, ಹೂವು ಸ್ವಲ್ಪ ಚಿಕ್ಕದು. ಬಣ್ಣಬಣ್ಣದ ವಿದ್ಯುದ್ದೀಪಗಳ ಸರವನ್ನು ತಿಂಗಳುಗಟ್ಟಲೆ ಗಿಡಗಳಿಗೇ ಸುತ್ತಿಬಿಡುವ ಮನೆಯವರು ಇದನ್ನು ಗಮನಿಸಬಹುದು.

ಸಂಜೆಯಾದರೆ ಗೊಂಬೆಗಳಿಗೆ ಆರತಿ. "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳಿಕೊಂಡು ಬೀದಿಯ ಮಕ್ಕಳು ಬರುತ್ತವೆ, ಅವುಗಳ ದೃಷ್ಟಿ ಶೆಟ್ಟಿಯ ಅಂಗಡಿಯ ಬೆಲ್ಲದ ಮೇಲೆ, ಕಿವಿ ಅಡುಗೆಮನೆಯ ಡಬ್ಬಿಯ ಸದ್ದಿನ ಮೇಲೆ. ಚಕ್ಕುಲಿಯೊ ಕೊಬ್ಬರಿ ಮಿಠಾಯಿಯೊ ಕೈಗೆ ಬೀಳುವತನಕ ಹಾಡಿಗೂ ಸಿದ್ಧ. ಇಂತಹ ಒಂದು ಸಂಜೆ ಹತ್ತು ವರ್ಷದ ಹುಡುಗಿಯೊಬ್ಬಳು ಆರತಿಯ ತಟ್ಟೆಗೆ ನಿಂಬೆಯ ಹನಿ ಹಿಂಡಿದಳು. ರಕ್ತದಂತೆ ಕೆಂಪಗಿದ್ದ ನೀರು ಕಣ್ಣೆದುರಿಗೇ ಹಳದಿಯಾಯಿತು. ಮನೆಯ ಹಿರಿಯರು ಗಾಬರಿಯಾದರು. ಹುಡುಗಿ ಚಿಟಿಕೆ ಸುಣ್ಣ ಹಾಕಿದಳು, ಮತ್ತೆ ಕೆಂಪು. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಈ ನಾಡಿನ ಹೆಂಗಸರು ತಲೆಮಾರುಗಳಿಂದ ಬಲ್ಲರು. ಹುಳಿ ಸೇರಿದರೆ ಹಿಂದಿರುಗುವುದೆಂಬುದನ್ನು ಪರೀಕ್ಷಿಸುವ ಗೋಜಿಗೆ ಹೋದವರು ಕಡಮೆ, ಶುಭದ ತಟ್ಟೆಗೆ ಹುಳಿ ಹಿಂಡುವವರು ಯಾರು! ಪಂಚೆಯ ಮೇಲೆ ಬಿದ್ದ ಸಾರಿನ ಕಲೆ ಸಾಬೂನು ಹಚ್ಚಿದೊಡನೆ ಕೆಂಪೇರುವುದಕ್ಕೂ ಇದೇ ಕಾರಣ, ಸಾಬೂನಿನಲ್ಲಿ ಕ್ಷಾರವಿದೆ. ಅದನ್ನು ಕಂಡು ಕಂಗೆಡಬೇಕಾಗಿಲ್ಲ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಸಾಕು. ಅರಿಸಿನದ ಬಣ್ಣ ಸೂರ್ಯನ ಮುಂದೆ ಹೆಚ್ಚು ಹೊತ್ತು ನಿಲ್ಲದು.

ಮೂಲಾ ನಕ್ಷತ್ರದ ದಿನ ಪುಸ್ತಕಗಳೆಲ್ಲ ಸರಸ್ವತಿಯ ಮುಂದೆ ಸೇರುತ್ತವೆ, ಓದಕೂಡದು. ವರ್ಷವಿಡೀ ಪುಸ್ತಕ ಕಂಡರೆ ಆಕಳಿಸುವ ಹುಡುಗನಿಗೂ ಅಂದು ಏನನ್ನಾದರೂ ಓದಬೇಕೆಂಬ ಚಪಲ ಹುಟ್ಟುತ್ತದೆ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಕದ್ದು ಓದಿದವರುಂಟು.

ನೀರು ತುಂಬುವ ಹಬ್ಬದ ಸಂಜೆ ತಾಮ್ರದ ಹಂಡೆ ಬೆಳಗುವುದು ಈಗ ಕೆಲವೇ ಮನೆಗಳಲ್ಲಿ. ಹುಣಿಸೆಹಣ್ಣಿನ ಹುಳಿ ತಾಮ್ರದ ಕಪ್ಪನ್ನು ಕರಗಿಸಿಬಿಡುತ್ತದೆ. ತಿಕ್ಕುವವರ ತೋಳಿಗೆ ಸ್ವಲ್ಪವೇ ಕೆಲಸ. ಉಳಿದ ಮನೆಗಳವರು ಗೋಡೆಗೆ ತೂಗುಹಾಕಿದ ಗೀಸರಿಗೇ ಅರಿಸಿನ ಕುಂಕುಮವಿಟ್ಟು ಮಾಲಿಂಗನ ಬಳ್ಳಿ ಕಟ್ಟುತ್ತಾರೆ. ನಗುವವರು ನಗಲಿ. ಗಂಗೆಗೆ ಕೊಳವೆಯಾದರೇನು, ಹಂಡೆಯಾದರೇನು?

ಉತ್ಥಾನ ದ್ವಾದಶಿಯಂದು ತುಳಸಿಯ ಕಟ್ಟೆಗೆ ನೆಲ್ಲಿಯ ಕೊಂಬೆ ನೆಡುತ್ತಾರೆ, ಕಾಯಿಸಹಿತವಾಗಿ. ಪೂಜೆ ಮುಗಿದು ಹಿರಿಯರು ಒಳಗೆ ಹೋದಮೇಲೆ ಆ ಕಾಯಿಗಳು ಒಂದೊಂದಾಗಿ ಮಾಯವಾಗುವುದು ಪ್ರತಿ ವರ್ಷದ ಪರಿಪಾಠ. ಮೇಲಿನ ಮನೆಯ ಮೊಮ್ಮಗಳು ಕಳೆದ ಬಾರಿ ತನ್ನ ನಾಲ್ಕು ವರ್ಷದ ಮಗನೊಡನೆ ಆ ಹೊತ್ತಿಗೆ ಊರಿನಲ್ಲಿದ್ದಳು. ಹುಡುಗ ಕದ್ದ ನೆಲ್ಲಿಕಾಯನ್ನು ಕಚ್ಚಿ, ಒಗರಿಗೆ ಮುಖ ಸಿಂಡರಿಸಿ, ಉಗುಳಿ, ಅಡುಗೆಮನೆಗೆ ಓಡಿ ನೀರು ಕುಡಿದನು. ಕುಡಿದವನು ಲೋಟದೊಳಕ್ಕೆ ಬಗ್ಗಿ ನೋಡಿದನು. ಸಕ್ಕರೆ ಹಾಕಿದವರು ಯಾರೆಂದು ಎಲ್ಲರನ್ನೂ ವಿಚಾರಿಸಿದನು. ಯಾರೂ ಹಾಕಿಲ್ಲವೆಂದರೆ ನಂಬಲಿಲ್ಲ. ಕೊನೆಗೆ ಮುತ್ತಜ್ಜಿಯೇ ಒಂದು ಕಾಯಿಯನ್ನು ಉಳಿದಿದ್ದ ಹಲ್ಲುಗಳಿಂದ ಮೆಲ್ಲಗೆ ಕಚ್ಚಿ, ಅವನ ಲೋಟದಿಂದಲೇ ಒಂದು ಗುಟುಕು ಕುಡಿದು, "ಹೌದಪ್ಪ, ಸಿಹಿಯಾಗಿಯೇ ಇದೆ" ಎಂದರು.